ಕೆಜಿಎಫ್‌ಗೆ ಮೆಟಲ್ ಡಿಟೆಕ್ಟರ್ ಹಿಡ್ಕೊಂಡು ಹೋದ್ರೆ ಚಿನ್ನ ಸಿಗುತ್ತಾ?

ಬೇಗೂರಿನಿಂದ ಮಾತಾಡ್ತಾ ಇದೀನಿ. ಹೊಸೂರು ರೋಡ್ ಟ್ರಾಫಿಕ್ಕಲ್ಲಿ ಇಯರ್‌ಫೋನ್ ಹಾಕ್ಕೊಂಡು ನಿಂತಿರೋರಿಗೂ, ಮನೇಲಿ ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ.

ಹೋದ ವಾರ ಒಂದು ವಾಯ್ಸ್ ನೋಟ್ ಬಂತು. ಡಿಗ್ರಿ ಎರಡನೇ ವರ್ಷದ ಹುಡುಗ. "ಅಣ್ಣಾ, ಆನ್‌ಲೈನಲ್ಲಿ ಮೆಟಲ್ ಡಿಟೆಕ್ಟರ್ ಆರೇಳು ಸಾವಿರಕ್ಕೇ ಬರ್ತಿದೆ. ನಾವು ನಾಲ್ಕು ಜನ ದುಡ್ಡು ಹಾಕಿ ತಗೊಂಡು ಕೆಜಿಎಫ್ ಕಡೆ ಹೋಗೋಣ ಅಂತಿದೀವಿ. ಅಲ್ಲಿ ಏನೂ ಸಿಗ್ಲಿಲ್ಲ ಅಂದ್ರೆ ನಮ್ಮೂರ ಹಳೇ ದೇವಸ್ಥಾನದ ಹತ್ರ ಒಂದು ವೀರಗಲ್ಲಿದೆ, ಅದರ ಸುತ್ತ ಒಂದು ಸಲ ಚೆಕ್ ಮಾಡೋಣ ಅಂತ. ಸುಮ್ನೆ ಹಾಬಿಗೆ ಅಣ್ಣಾ. ಏನಂತೀರಾ?"

ಕಳ್ಳನ ಥರ ಕೇಳಿಸಲಿಲ್ಲ ಆ ಹುಡುಗ. ರೀಲ್ಸ್ ನೋಡಿದಾನೆ, ಅಷ್ಟೆ. ನಿಮಗೂ ಬಂದಿರುತ್ತೆ ಆ ರೀಲ್ಸ್: ಆಸ್ಟ್ರೇಲಿಯಾದ ಕೆಂಪು ನೆಲ, ಟೋಪಿ ಹಾಕಿದ ಅಂಕಲ್, ಕುಂಯ್ ಅನ್ನೋ ಸದ್ದು, ಸಣ್ಣ ಗುದ್ದಲಿಯಿಂದ ನಾಲ್ಕು ಸಲ ಕೆರೆದರೆ ಕಡಲೆಕಾಯಿ ಗಾತ್ರದ ಚಿನ್ನ. ನೋಡಿದವರಿಗೆ, ಕೋಲಾರ ನೂರು ಕಿಲೋಮೀಟರಲ್ಲಿದೆ, ನಾವ್ಯಾಕೆ ಹೋಗಬಾರದು ಅನ್ಸೋದು ಸಹಜ.

ಅವನಿಗೆ ಉತ್ತರ ಒಂದೇ ಸಾಲಲ್ಲಿ ಕೊಡಬಹುದಿತ್ತು: ಬೇಡಪ್ಪಾ. ಆದರೆ ಯಾಕೆ ಬೇಡ ಅನ್ನೋದರ ಹಿಂದೆ ಇನ್ನೂರು ವರ್ಷದ್ದೊಂದು ಒಳ್ಳೆ ಕಥೆ ಇದೆ. ಹೀಗೇ ಚಿನ್ನ ಹುಡುಕಿಕೊಂಡು ನಮ್ಮ ನೆಲದಲ್ಲಿ ತಿರುಗಿದವರು ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಏನು ಸಿಕ್ಕಿತು, ಹೇಗೆ ಸಿಕ್ಕಿತು ಅಂತ ನೋಡೋಣ.

ಮೊದಲು ಆ ಮೆಷಿನ್ ಬಗ್ಗೆ. ಡಿಟೆಕ್ಟರಿನ ತುದಿಯಲ್ಲಿರೋ ತಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿ ಇರುತ್ತೆ. ಅದರಲ್ಲಿ ಕರೆಂಟ್ ಹರಿಸಿದರೆ ಕಾಂತಕ್ಷೇತ್ರ ಹುಟ್ಟುತ್ತೆ. ನೆಲದಲ್ಲಿ ಲೋಹ ಇದ್ದರೆ ಅದರೊಳಗೂ ಸಣ್ಣ ಕರೆಂಟ್ ಸುತ್ತೋಕೆ ಶುರುವಾಗಿ, ತಟ್ಟೆಗೆ ವಾಪಸ್ ಸುದ್ದಿ ಮುಟ್ಟುತ್ತೆ. ಲೋಹ ಇದೆ ಅಂತ ಹೇಳುತ್ತೆ, ಚಿನ್ನ ಇದೆ ಅಂತ ಹೇಳಲ್ಲ. ಇದರ ಹಳೇ ಅವತಾರ ಮಾಡಿದವನು ಟೆಲಿಫೋನಿನ ಗ್ರಹಾಂ ಬೆಲ್. 1881ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಬಿತ್ತು. ಗುಂಡು ದೇಹದಲ್ಲಿ ಎಲ್ಲಿ ಕೂತಿದೆ ಅಂತ ಪತ್ತೆ ಹಚ್ಚೋಕೆ ಬೆಲ್ ಒಂದು ಯಂತ್ರ ಕಟ್ಟಿಕೊಂಡು ಹೋದ. ಹಾಸಿಗೆಯಲ್ಲಿದ್ದ ಲೋಹದ ಸ್ಪ್ರಿಂಗುಗಳು ಅವನ ಯಂತ್ರದ ದಾರಿ ತಪ್ಪಿಸಿದವು. ಗುಂಡು ಸಿಗಲಿಲ್ಲ, ಸೆಪ್ಟೆಂಬರಿನಲ್ಲಿ ಅಧ್ಯಕ್ಷರು ತೀರಿಕೊಂಡರು. ನೂರ ನಲವತ್ತು ವರ್ಷ ಆದ್ರೂ ಆ ತೊಂದರೆ ಹಾಗೇ ಇದೆ. ಬೆಂಗಳೂರಿನ ಯಾವ ಖಾಲಿ ಸೈಟಿನಲ್ಲಿ ಬೇಕಾದ್ರೂ ಡಿಟೆಕ್ಟರ್ ಆಡಿಸಿ ನೋಡಿ: ಬಾಟಲಿ ಮುಚ್ಚಳ, ಮೊಳೆ, ಕಟ್ಟಡದ ಕಂಬಿ ಚೂರು, ಮತ್ತೆ ಬಾಟಲಿ ಮುಚ್ಚಳ. ಕಬ್ಬಿಣದ ಅಂಶ ಜಾಸ್ತಿ ಇರೋ ನಮ್ಮ ಕೆಂಪು ಮಣ್ಣೇ ಎಷ್ಟೋ ಸಲ ಕಡಿಮೆ ಬೆಲೆಯ ಮೆಷಿನ್‌ಗೆ ಸುಳ್ಳು ಸಿಗ್ನಲ್ ಕೊಡುತ್ತೆ.

ಹಾಗಾದ್ರೆ ಆಸ್ಟ್ರೇಲಿಯಾದಲ್ಲಿ ಹೆಂಗೆ ಸಿಗುತ್ತೆ? ಅಲ್ಲಿನ ವಿಕ್ಟೋರಿಯಾ ಪ್ರಾಂತ್ಯದಲ್ಲಿ ಚಿನ್ನ ಗಟ್ಟಿಗಳಾಗಿ, ಮೇಲ್ಮಣ್ಣಿನಲ್ಲೇ ಬಿದ್ದಿರೋದುಂಟು. 1980ರಲ್ಲಿ ಕಿಂಗೋವರ್ ಅನ್ನೋ ಊರಿನ ಹತ್ತಿರ ಕೆವಿನ್ ಹಿಲಿಯರ್ ಎಂಬಾತನಿಗೆ ಡಿಟೆಕ್ಟರಿನಿಂದ 27 ಕೆಜಿಯ ಒಂದೇ ಗಟ್ಟಿ ಸಿಕ್ಕಿತು. 'ಹ್ಯಾಂಡ್ ಆಫ್ ಫೇತ್' ಅಂತ ಅದಕ್ಕೆ ಹೆಸರು. ಅದನ್ನ ಕೊಂಡದ್ದು ಲಾಸ್ ವೇಗಸ್‌ನ ಒಂದು ಕ್ಯಾಸಿನೋ. ಅಲ್ಲಿ ಹವ್ಯಾಸಿಗಳಿಗೆ ಅಂತಲೇ ಸರ್ಕಾರ ಪರ್ಮಿಟ್ ಕೊಡುತ್ತೆ. ನಮ್ಮಲ್ಲಿ ಚಿನ್ನ ಕೂತಿರೋ ರೀತಿಯೇ ಬೇರೆ, ಕಾನೂನೂ ಬೇರೆ.

ಚಿನ್ನ ಹೇಗೆ ಕೂತಿದೆ ಅನ್ನೋದಕ್ಕೆ 1802ಕ್ಕೆ ಹೋಗಬೇಕು. ಟಿಪ್ಪು ಸತ್ತು ಮೂರು ವರ್ಷ. ಒಡೆಯರಿಗೆ ಕೊಟ್ಟ ಮೈಸೂರು ರಾಜ್ಯದ ಪೂರ್ವದ ಗಡಿ ಎಲ್ಲಿ ಅಂತ ಸರ್ವೆ ಮಾಡೋಕೆ ಲೆಫ್ಟಿನೆಂಟ್ ಜಾನ್ ವಾರನ್ ಅನ್ನೋ ಅಧಿಕಾರಿ ಕೋಲಾರದ ಕಡೆ ಬಂದಿದ್ದ. ಈ ಭಾಗದ ಮಣ್ಣಲ್ಲಿ ಚಿನ್ನ ಇದೆ ಅನ್ನೋ ಮಾತು ಅವನ ಕಿವಿಗೆ ಬಿತ್ತು. ತೋರಿಸಿದವರಿಗೆ ಇನಾಮು ಅಂತ ಸಾರಿಸಿದ. ಹಳ್ಳಿಯವರು ಎತ್ತಿನಗಾಡಿ ತುಂಬ ಮಣ್ಣು ಹೇರಿಕೊಂಡು ಬಂದು ಅವನ ಕಣ್ಣೆದುರೇ ತೊಳೆದರು. ಕೆಳಗೆ ಉಳಿದದ್ದು ಚಿನ್ನದ ಪುಡಿ.

ಇಲ್ಲಿ ನನ್ನ ಬಿ.ಕಾಂ. ಬುದ್ಧಿ ಸುಮ್ನಿರಲ್ಲ. ವಾರನ್ ಕೊಟ್ಟ ಲೆಕ್ಕ ಸುಮಾರು 56 ಕೆಜಿ ಮಣ್ಣಿಗೆ ಒಂದು ಗ್ರೇನ್ ಚಿನ್ನ. ಗ್ರೇನ್ ಅಂದ್ರೆ 0.065 ಗ್ರಾಂ. ಅಂದರೆ ಒಂದು ಟನ್ ಮಣ್ಣಿಗೆ ಒಂದು ಗ್ರಾಂ ಚಿಲ್ಲರೆ. ಎಂಟು ಗ್ರಾಮಿನ ಒಂದು ಸವರನ್ ಬೇಕು ಅಂದ್ರೆ ಏಳು ಟನ್ ಮಣ್ಣು ಅಗೆದು, ಹೊತ್ತು, ನೀರು ಹಾಕಿ ತೊಳೀಬೇಕು. ಅದೂ ಪುಡಿ ಪುಡಿ ಚಿನ್ನ. ಡಿಟೆಕ್ಟರ್ ಕೂಗಬೇಕಾದರೆ ಒಂದೇ ತುಣುಕಾಗಿ, ತಟ್ಟೆಯಿಂದ ಕೆಲವೇ ಇಂಚಿನೊಳಗೆ ಇರಬೇಕು. ಏಳು ಟನ್ ಮಣ್ಣಿನಲ್ಲಿ ಹರಡಿಹೋದ ಪುಡಿಗೆ ಯಾವ ಮೆಷಿನ್ನೂ ಕುಂಯ್ ಅನ್ನಲ್ಲ. ಕೆಜಿಎಫ್‌ನಲ್ಲಿ ಡಿಟೆಕ್ಟರ್ ಕೆಲಸಕ್ಕೆ ಬರಲ್ಲ ಅನ್ನೋದು ಒಂದು ರೀತಿ 1802ರಲ್ಲೇ ತೀರ್ಮಾನ ಆಗಿಹೋಗಿತ್ತು.

ವಾರನ್ ಮಾರಿಕುಪ್ಪಂನಲ್ಲಿ ಇನ್ನೊಂದು ವಿಷಯ ನೋಡಿದ. ಅಲ್ಲಿನವರು ಆಗಲೇ ಕಿರಿದಾದ ಗುಂಡಿಗಳಲ್ಲಿ ಇಳಿದು ಕಲ್ಲು ಒಡೀತಿದ್ದರು. ಗಂಡಸರು ಕೆಳಗೆ ದೀಪದ ಬೆಳಕಲ್ಲಿ, ಹೆಂಗಸರು ಮೇಲೆ ಕಲ್ಲು ಕುಟ್ಟಿ ಪುಡಿ ಮಾಡಿ ತೊಳೆಯೋದು. ಯಾವ ಬಂಡೆಯಲ್ಲಿ ಚಿನ್ನ ಇದೆ, ಯಾವುದರಲ್ಲಿ ಇಲ್ಲ ಅಂತ ಅವರಿಗೆ ಗೊತ್ತಿತ್ತು. ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಕೋಲಾರದ ಚಿನ್ನ 'ಪತ್ತೆಯಾದದ್ದು' ಬ್ರಿಟಿಷರಿಂದ ಅಂತ ಬರೆದಾಗ ನನಗೆ ಸಿಟ್ಟು ಬರುತ್ತೆ. ಪತ್ತೆ ಮಾಡಿದವರು ಇವರು. ಸಾಹೇಬರು ಬರೆದುಕೊಂಡರು. ಇವರ ಒಬ್ಬರ ಹೆಸರೂ ನಮಗೆ ಉಳಿದಿಲ್ಲ.

ವಾರನ್ ವರದಿ ಅಚ್ಚಾದ ಮೇಲೆ ಅರ್ಧ ಶತಮಾನ ಒಬ್ಬರಲ್ಲ ಒಬ್ಬರು ಬಂದು ಕೈ ಸುಟ್ಟುಕೊಂಡರು. ಹಳೇ ಗುಂಡಿಗಳು ಕುಸಿದು ಜನ ಸಾಯೋಕೆ ಶುರುವಾಗಿ, 1859ರಲ್ಲಿ ನೆಲದೊಳಗೆ ಇಳಿದು ಚಿನ್ನ ತೆಗೆಯೋದನ್ನೇ ಸರ್ಕಾರ ನಿಷೇಧಿಸಿತು. ಇದನ್ನ ಸ್ವಲ್ಪ ನೆನಪಿಟ್ಕೊಳ್ಳಿ.

ಆಮೇಲೆ ಬಂದವನ ಹೆಸರು ನಿಮಗೆಲ್ಲ ಗೊತ್ತು, ಗೊತ್ತು ಅಂತ ಗೊತ್ತಿಲ್ಲ ಅಷ್ಟೆ. ಲ್ಯಾವೆಲ್ ರೋಡ್! ಮೈಕೆಲ್ ಫಿಟ್ಜೆರಾಲ್ಡ್ ಲ್ಯಾವೆಲ್, ಐರಿಷ್ ಸಿಪಾಯಿ. ನ್ಯೂಜಿಲೆಂಡಿನಲ್ಲಿ ಮಾವೋರಿಗಳ ಜೊತೆಗಿನ ಯುದ್ಧದಲ್ಲಿದ್ದವನು, ಅಲ್ಲಿ ಚಿನ್ನದ ಕೆಲಸ ಕಂಡಿದ್ದವನು. ರಿಟೈರ್ ಆಗಿ ಬೆಂಗಳೂರು ಕಂಟೋನ್ಮೆಂಟಿನಲ್ಲಿ ಕೂತು ಬೇಜಾರಾಗಿದ್ದಾಗ ವಾರನ್‌ನ ಹಳೇ ಲೇಖನ ಕೈಗೆ ಸಿಕ್ಕಿತು. 1871ರಲ್ಲಿ ಎತ್ತಿನಗಾಡಿ ಕಟ್ಟಿಸಿಕೊಂಡು ಕೋಲಾರಕ್ಕೆ ಹೊರಟ. ಹವ್ಯಾಸಿ ಚಿನ್ನಗಾರ ಅಂತ ಯಾರನ್ನಾದರೂ ಕರೆಯೋದಾದರೆ ಇವನನ್ನೇ ಕರೀಬೇಕು. ಎರಡು ವರ್ಷ ಅಲೆದ. ಆಮೇಲೆ ಮಾಡಿದ ಮೊದಲ ಕೆಲಸ ಸರ್ಕಾರಕ್ಕೆ ಅರ್ಜಿ ಹಾಕಿದ್ದು. ಅಧಿಕಾರಿಗಳಿಗೆ ನಂಬಿಕೆ ಇರಲಿಲ್ಲ, ಚಿನ್ನಕ್ಕಿಂತ ಕಲ್ಲಿದ್ದಲು ಹುಡುಕಿದರೆ ಉಪಯೋಗ ಅನ್ನೋ ಲೆಕ್ಕ ಅವರದು. ಪತ್ರದ ಮೇಲೆ ಪತ್ರ ಬರೆದು, 1875ರ ಫೆಬ್ರವರಿಯಲ್ಲಿ 20 ವರ್ಷದ ಗುತ್ತಿಗೆ ಪಡೆದ. ಆದರೆ ದುಡ್ಡೆಲ್ಲಿಂದ ತರೋದು? ಆಳಕ್ಕೆ ಹೋಗಲು ಬಂಡವಾಳ ಸಾಲದೆ ಎರಡೇ ವರ್ಷದಲ್ಲಿ ಹಕ್ಕನ್ನು ಸೇನಾಧಿಕಾರಿಗಳ ಗುಂಪಿಗೆ ಬಿಟ್ಟುಕೊಟ್ಟ. ಅವರಿಗೂ ಆಗಲಿಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟಿತು.

ಆ ದೊಡ್ಡ ಕಂಪನಿ ಕೂಡ ಮೊದಮೊದಲು ದುಡ್ಡು ಕಳೆದುಕೊಂಡಿತು. ಬೇಸತ್ತು ಮುಚ್ಚೋ ಹಂತಕ್ಕೆ ಬಂದಾಗ ಕೈ ಹಿಡಿದಿದ್ದು ಏನು ಗೊತ್ತಾ? ಪುರಾತನ ಕಾಲದವರು ತೋಡಿ ಬಿಟ್ಟುಹೋದ ಗುಂಡಿಗಳ ಜಾಡು. ಅವರು ನಿಲ್ಲಿಸಿದ ಕಡೆಯಿಂದ ಕೆಳಕ್ಕೆ ಇಳಿದಾಗ ಚಾಂಪಿಯನ್ ರೀಫ್ ಅನ್ನೋ ಬೆಣಚುಕಲ್ಲಿನ ಪಟ್ಟಿ ಸಿಕ್ಕಿತು. ಅಲ್ಲಿಂದ ಶುರುವಾದ ಕಥೆ ನಿಮಗೆ ಗೊತ್ತು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಬಂತು, ಬೆಂಗಳೂರಿನ ಬೀದಿದೀಪಕ್ಕಿಂತ ಮೊದಲು. ಗಣಿ 3 ಕಿಲೋಮೀಟರಿಗೂ ಆಳ ಇಳಿಯಿತು. 120 ವರ್ಷದಲ್ಲಿ 800 ಟನ್ ಚಿನ್ನ ಹೊರಗೆ ಬಂತು. ಶುರುವಿನಲ್ಲಿ ಟನ್ ಕಲ್ಲಿಗೆ 40 ಗ್ರಾಮಿಗೂ ಮೇಲೆ ಸಿಗುತ್ತಿದ್ದದ್ದು ಕೊನೆಗೆ ಮೂರು ಗ್ರಾಂ ಆಸುಪಾಸಿಗೆ ಇಳಿದು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸಾವಿರಾರು ಕಾರ್ಮಿಕರು, ಜಾನ್ ಟೇಲರ್‌ನ ಬಂಡವಾಳ, ಶಿವನಸಮುದ್ರದ ಕರೆಂಟು ಎಲ್ಲ ಸೇರಿ ತೆಗೆದ ಚಿನ್ನದಲ್ಲಿ ಮೇಲ್ಮಣ್ಣಿನಲ್ಲಿ ಸುಮ್ನೆ ಬಿದ್ದಿದ್ದು ಯಾವುದೂ ಇರಲಿಲ್ಲ.

ಈಗ ಮೇಲೆ ಏನಿದೆ? ನಾನು ಹೋಗಿ ನೋಡಿದೀನಿ. ರೈಲಿಳಿದು ಸ್ವಲ್ಪ ದೂರ ನಡೆದರೆ ಬೂದಿ ಬಣ್ಣದ ದೊಡ್ಡ ದೊಡ್ಡ ದಿಬ್ಬಗಳು. ಊರವರು ಸೈನೈಡ್ ದಿಬ್ಬ ಅಂತಾರೆ. ಕಲ್ಲು ಪುಡಿ ಮಾಡಿ, ಸೈನೈಡ್ ನೀರಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಗಸಿ ಅದು. ಜನ ಅದರ ಮೇಲೆ ಹತ್ತಿ ರೀಲ್ಸ್ ಮಾಡ್ತಿದ್ರು, ಸಿನಿಮಾ ಮ್ಯೂಸಿಕ್ ಹಾಕ್ಕೊಂಡು. ನೋಡೋಕೆ ಚಂದವೇ. ಸೈನೈಡ್ ಬಿಸಿಲಿಗೆ ಕಾಲಕ್ರಮೇಣ ಒಡೆದುಹೋಗುತ್ತೆ ಅನ್ನೋದು ನಿಜ. ಆದರೆ ಬಂಡೆಯೊಳಗಿಂದ ಬಂದ ಆರ್ಸೆನಿಕ್‌ನಂಥವು ಎಲ್ಲೂ ಹೋಗಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಆ ಧೂಳು. ಟಾಲ್ಕಂ ಪೌಡರಿನಷ್ಟು ನುಣುಪಾದ ಸಿಲಿಕಾ. ಗಣಿ ಕೆಲಸದವರ ಶ್ವಾಸಕೋಶ ತಿಂದ ಸಿಲಿಕೋಸಿಸ್ ಕಾಯಿಲೆಗೆ ಅದೇ ಕಾರಣ. ಗಾಳಿ ಎದ್ದ ದಿನ ಊರಿಗೆ ಊರೇ ಅದನ್ನ ಉಸಿರಾಡುತ್ತೆ. ಅದನ್ನ ಕೆದಕಿ ಜರಡಿ ಹಿಡಿಯೋದು ಹಾಬಿ ಅಲ್ಲ ಗುರು. ಅರ್ಧ ಗಂಟೆ ನಿಂತಿದ್ದಕ್ಕೇ ನನ್ನ ಗಂಟಲು ಸಂಜೆವರೆಗೂ ಕೆರೀತಾ ಇತ್ತು.

ಗುಂಡಿಗಳು ಇನ್ನೂ ಅಪಾಯ. ದೊಡ್ಡ ಶಾಫ್ಟ್‌ಗಳು ಕಣ್ಣಿಗೆ ಕಾಣುತ್ತವೆ. ಆದರೆ ಇಲ್ಲಿ ಶತಮಾನಗಳಿಂದ ಜನ ತೋಡಿದಾರೆ. ಲಂಟಾನ ಪೊದೆ ಮುಚ್ಚಿರೋ ಸಣ್ಣ ಬಾಯಿಗಳು, ಮೇಲೆ ಎರಡಡಿ ಮಣ್ಣು ಮಾತ್ರ ಉಳಿದಿರೋ ಟೊಳ್ಳುಗಳು ಇರುತ್ತವೆ. ಕಣ್ಣೆಲ್ಲ ಡಿಟೆಕ್ಟರಿನ ತಟ್ಟೆ ಮೇಲೆ, ಕಿವಿಗೆ ಹೆಡ್‌ಫೋನು. ಕಾಲಿಡೋ ಜಾಗ ನೋಡೋರು ಯಾರು? ಬಿದ್ದರೆ ಬರೀ ಮೂಳೆ ಮುರಿಯೋ ಮಾತಲ್ಲ. ಹಳೇ ಗಣಿಯೊಳಗೆ ಗಾಳಿ ಓಡಾಡಲ್ಲ. ಆಮ್ಲಜನಕ ಕಮ್ಮಿ ಇರುತ್ತೆ, ಭಾರದ ಗಾಳಿ ತಳದಲ್ಲಿ ನಿಂತಿರುತ್ತೆ. ವಾಸನೆ ಬರಲ್ಲ, ಕಣ್ಣಿಗೂ ಕಾಣಲ್ಲ. ಮೊದಲು ಇಳಿದವನು ಕುಸೀತಾನೆ, ಅವನನ್ನ ಎತ್ತೋಕೆ ಇಳಿದವನೂ ಕುಸೀತಾನೆ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಸಮಯದಲ್ಲಿ, ಮಾರಿಕುಪ್ಪಂ ಬಳಿಯ ಮುಚ್ಚಿದ ಗಣಿಗೆ ಕದಿಯೋಕೆ ಇಳಿದವರಲ್ಲಿ ಮೂವರು ಉಸಿರುಕಟ್ಟಿ ಸತ್ತರು. 1859ರ ನಿಷೇಧ ನೆನಪಿಟ್ಕೊಳ್ಳಿ ಅಂದೆನಲ್ಲ. 160 ವರ್ಷ ಆದಮೇಲೆ ಅದೇ ಊರು, ಅದೇ ಥರದ ಸಾವು.

ಇನ್ನು ಹಾವು. ನಿಧಿಯನ್ನ ಸರ್ಪ ಕಾಯುತ್ತೆ ಅಂತ ಅಜ್ಜಿ ಕಥೆ ಹೇಳ್ತಿದ್ದರು. ನಿಧಿ ಇರಲಿ ಬಿಡಲಿ, ಹಾಳುಬಿದ್ದ ಕಲ್ಲುಗುಡ್ಡೆಯಲ್ಲಿ ಹಾವಂತೂ ಇರುತ್ತೆ. ನಾಗರಹಾವು, ಕೊಳಕುಮಂಡಲ ಎರಡಕ್ಕೂ ಇಂಥ ಜಾಗ ಇಷ್ಟ, ಇಲಿ ಸಿಗುತ್ತಲ್ಲ. ಕಲ್ಲಿನ ಸಂದಿಗೆ ಬರಿಗೈ ಹಾಕೋನಿಗೆ ಆರು ಸಾವಿರದ ಮೆಷಿನ್ ಏನೂ ಸಹಾಯ ಮಾಡಲ್ಲ. ಕಚ್ಚಿದರೆ ಕೊಯ್ಯೋದು, ಚೀಪೋದು, ಬಿಗಿಯಾಗಿ ಕಟ್ಟೋದು ಏನೂ ಬೇಡ. ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ, ವಿಷಕ್ಕೆ ಮದ್ದಿರೋ ಆಸ್ಪತ್ರೆಗೆ ಹೋಗಿ. ಇದು ಚಿನ್ನ ಹುಡುಕೋರಿಗೆ ಮಾತ್ರ ಅಲ್ಲ, ಟ್ರೆಕ್ಕಿಂಗ್ ಹೋಗೋ ಎಲ್ಲರಿಗೂ.

ಕೋಲಾರ ಬಿಟ್ಟು ಬೇರೆ ಕಡೆ? ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಅಂತ ಒಂದು ಸಮುದಾಯ ಮಳೆಗಾಲ ಮುಗಿದ ಮೇಲೆ ಮರಳು ತೊಳೆದು ಚಿನ್ನದ ಪುಡಿ ತೆಗೀತಿತ್ತು. ಡೋಣಿ, ಸೊರಟೂರು ಸುತ್ತಮುತ್ತ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಅಲ್ಲಿಗೆ ಹೋಗಿ ಅವರ ಕೆಲಸದ ಬಗ್ಗೆ ಬರೆದಿದಾನೆ. ನೆರೆ ಬಂದು ಹೋದ ಹಳ್ಳದಲ್ಲಿ ಮರಳು ಎಲ್ಲಿ ತಿರುಗಿ ನಿಂತಿದೆ ಅಂತ ನೋಡಿ, ಭಾರದ್ದು ಕೆಳಗೆ ಉಳಿಯೋ ಹಾಗೆ ತೊಳೆಯೋದು. ಅವರ ಡಿಟೆಕ್ಟರ್ ಅಂದ್ರೆ ಕಣ್ಣು ಮತ್ತು ಮೊಣಕಾಲುದ್ದ ನೀರಲ್ಲಿ ಬಗ್ಗಿದ ಬೆನ್ನು. ಇಡೀ ದಿನದ ದುಡಿಮೆಗೆ ಆ ದಿನದ ಊಟ ಗಿಟ್ಟಿದರೆ ಹೆಚ್ಚು. ಆ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ತೋಳ, ಕತ್ತೆಕಿರುಬ, ಚಿರತೆ ಇರೋ ಕಾಡು. ಅರಣ್ಯ ಇಲಾಖೆ ಅನುಮತಿ ಇಲ್ಲದೆ ಗುದ್ದಲಿ ಹಿಡಿದು ಒಳಗೆ ಹೋದರೆ ನೇರ ಕೇಸು.

ರಾಯಚೂರಿನ ಹಟ್ಟಿ ಇನ್ನೂ ನಡೀತಿರೋ ಗಣಿ. ಅಲ್ಲಿ ಸುಮಾರು ಎರಡು ಸಾವಿರ ವರ್ಷ ಹಿಂದಿನವರು 600 ಅಡಿಗೂ ಆಳ ಹೋಗಿದ್ದರು. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ನೀರು ಸುರಿದು, ಬಿರುಕು ಬಿಟ್ಟಾಗ ಒಡೆಯೋದು. ಒಳಗೆ ಉಳಿದಿದ್ದ ಮರದ ತುಂಡುಗಳ ಕಾಲ ಪರೀಕ್ಷೆ ಮಾಡಿ ಈ ವಯಸ್ಸು ಕಂಡುಹಿಡಿದದ್ದು. 600 ಅಡಿ ಅಂದ್ರೆ ಅರವತ್ತು ಮಹಡಿ ಆಳ. ಕೆಳಗೆ ಬೆಂಕಿ, ಹೊಗೆ, ಒಂದೇ ದಾರಿ. ಎಷ್ಟು ಜನ ಮೇಲೆ ಬರಲಿಲ್ಲವೋ.

ಆ ಹಟ್ಟಿಯ ಹತ್ತಿರದಲ್ಲೇ ನನ್ನ ಅಚ್ಚುಮೆಚ್ಚಿನ ಚಿನ್ನ ಹುಡುಕಾಟ ನಡೆದದ್ದು. 1915. ಆಗ ರಾಯಚೂರು ಹೈದರಾಬಾದ್ ನಿಜಾಮರ ರಾಜ್ಯದಲ್ಲಿತ್ತು. ಸಿ. ಬೀಡನ್ ಅನ್ನೋ ಗಣಿ ಎಂಜಿನಿಯರ್ ಮಸ್ಕಿ ಅನ್ನೋ ಊರಿನ ಬೆಟ್ಟದಲ್ಲಿ ಚಿನ್ನದ ಜಾಡು ಹುಡುಕ್ತಾ ತಿರುಗ್ತಿದ್ದಾಗ ಒಂದು ಬಂಡೆ ಮೇಲೆ ಅಕ್ಷರ ಕಂಡಿತು. ಅವನು ಅದನ್ನ ಸಂಬಂಧಪಟ್ಟವರ ಗಮನಕ್ಕೆ ತಂದ. ಓದಿದಾಗ ಗೊತ್ತಾಯಿತು, ಅದು ಅಶೋಕನ ಶಾಸನ. ಅದರಲ್ಲೇನು ವಿಶೇಷ ಅಂದ್ರೆ, ಅಲ್ಲಿವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ ಬಿರುದು ಮಾತ್ರ ಇತ್ತು. ಈ ದೇವಾನಾಂಪ್ರಿಯನೇ ಅಶೋಕ ಅಂತ ವಿದ್ವಾಂಸರು ಶ್ರೀಲಂಕಾದ ಗ್ರಂಥಗಳ ಸಹಾಯದಿಂದ ಹೇಳಿದ್ದರು, ಆದರೆ ಕಲ್ಲಿನ ಮೇಲೆ ಸಾಕ್ಷಿ ಇರಲಿಲ್ಲ. ಮಸ್ಕಿಯ ಬಂಡೆ ಮೇಲೆ ಹೆಸರೇ ಇತ್ತು: ಅಶೋಕ. ನಾವು ಏಳನೇ ಕ್ಲಾಸಲ್ಲಿ ಉರು ಹೊಡೆದ ಆ ಚಕ್ರವರ್ತಿಯ ಗುರುತು ಖಚಿತ ಆಗಿದ್ದು ಚಿನ್ನ ಹುಡುಕಿಕೊಂಡು ಹೋದವನೊಬ್ಬ ಬಂಡೆಗೆ ಸುತ್ತಿಗೆ ಹಾಕೋ ಬದಲು ಸುಮ್ಮನೆ ನೋಡಿದ್ದರಿಂದ.

ಈಗ ಹುಡುಗನ ಎರಡನೇ ಪ್ಲಾನಿಗೆ ಬರ್ತೀನಿ. ವೀರಗಲ್ಲು.

ನಿಜ ಹೇಳಬೇಕು ಅಂದ್ರೆ ಕೆಜಿಎಫ್‌ಗಿಂತ ನನಗೆ ಭಯ ಆಗಿದ್ದು ಈ ಮಾತಿಗೆ. ಕರ್ನಾಟಕದಲ್ಲಿ ಡಿಟೆಕ್ಟರ್ ಅಂದ ತಕ್ಷಣ ನೆನಪಾಗೋದು ಹಾಬಿ ಅಲ್ಲ, ನಿಧಿಗಳ್ಳರು. ಹಾಳು ದೇವಸ್ಥಾನ, ಒಂಟಿ ಬಸವಣ್ಣ, ಹೊಲದ ಬದುವಿನ ವೀರಗಲ್ಲು, ಇವುಗಳ ಕೆಳಗೆ ಕೊಪ್ಪರಿಗೆಗಟ್ಟಲೆ ಹೊನ್ನಿದೆ ಅನ್ನೋ ನಂಬಿಕೆ ತುಂಬ ಹಳೇದು. ಅಮಾವಾಸ್ಯೆ ರಾತ್ರಿ ಬಂದು ಅಗೆದು, ಕಲ್ಲು ಉರುಳಿಸಿ ಹೋಗ್ತಾರೆ. 2019ರ ಜುಲೈ 17ರ ರಾತ್ರಿ ಆನೆಗೊಂದಿಯ ನವವೃಂದಾವನ ನಡುಗಡ್ಡೆಯಲ್ಲಿ ಏನಾಯ್ತು ಅಂತ ನಿಮಗೆ ನೆನಪಿರಬಹುದು. ವಿಜಯನಗರದ ಕೃಷ್ಣದೇವರಾಯನ ಗುರು ವ್ಯಾಸರಾಜರ ವೃಂದಾವನವನ್ನ ಒಡೆದು ಚೆಲ್ಲಿದ್ದರು. ಕೆಲವೇ ದಿನದಲ್ಲಿ ಪೊಲೀಸರು ಗ್ಯಾಂಗನ್ನ ಹಿಡಿದರು. ನಿಧಿಯಾಸೆ. ಭಕ್ತರು ಸೇರಿ ತಕ್ಷಣ ಮತ್ತೆ ಕಟ್ಟಿದರು, ಸರಿ. ಆದರೆ ಕಾಯೋಕೆ ಮಠ ಇಲ್ಲದ, ಟಿವಿ ಕ್ಯಾಮೆರಾ ಬರದ ಊರಾಚೆಯ ಕಲ್ಲುಗಳನ್ನ ಯಾರು ನಿಲ್ಲಿಸ್ತಾರೆ? ಇದರ ಜೊತೆಗೇ ಇನ್ನೊಂದು ವ್ಯಾಪಾರ ನಡೆಯುತ್ತೆ, ಅಕ್ಕಿಕಾಳು ಎಳೆಯೋ ತಾಮ್ರದ ಚೊಂಬು, 'ರೈಸ್ ಪುಲ್ಲಿಂಗ್', ಕೋಟಿ ಬೆಲೆ ಅಂತ ಟೋಪಿ ಹಾಕೋದು. ಅದಕ್ಕೊಂದು ಬೇರೆ ಎಪಿಸೋಡೇ ಬೇಕು.

ವೀರಗಲ್ಲಿನ ಕೆಳಗೆ ಹೊನ್ನು ಯಾಕಿರಲ್ಲ ಅಂತ ತಿಳಿಯೋಕೆ ದೂರ ಹೋಗೋದು ಬೇಡ, ನಮ್ಮ ಬೇಗೂರಿಗೇ ಬನ್ನಿ. ಇಲ್ಲಿನ ಒಂದು ವೀರಗಲ್ಲು ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಗಂಗರ ಕಾಲದ್ದು. ಕಲ್ಲಿನ ತುಂಬ ಕಾಳಗ: ಆನೆ, ಕುದುರೆ, ಬಿದ್ದವರು, ಬೀಳ್ತಿರೋರು. ನಾಗತ್ತರ ಅನ್ನೋ ಸ್ಥಳೀಯ ನಾಯಕ ತುಂಬೆಪಾಡಿ ಎಂಬಲ್ಲಿ ವೀರಮಹೇಂದ್ರನ ಎದುರು ಕಾದಾಡಿ ಸತ್ತ. ಅದಕ್ಕೆ ರಾಜ ಎರೆಯಪ್ಪ ಇರುಗ ಅನ್ನೋನಿಗೆ ನಾಗತ್ತರನ ಪಟ್ಟ ಕೊಟ್ಟು, ಬೆಂಪೂರು ಹನ್ನೆರಡು, ಅಂದರೆ ಬೆಂಪೂರಿಗೆ ಸೇರಿದ ಹನ್ನೆರಡು ಊರು ಬಿಟ್ಟುಕೊಟ್ಟ. ಬೆಂಪೂರು ಅಂದ್ರೆ ನಮ್ಮ ಬೇಗೂರು. ಗೊತ್ತಾಯ್ತಲ್ಲ? ಸತ್ತವನ ಪಾಲಿನದ್ದಾಗಿ ಕೊಟ್ಟದ್ದು ಭೂಮಿ. ಬೇರೆ ವೀರಗಲ್ಲುಗಳಲ್ಲೂ ಅಷ್ಟೆ, ಕಲ್ನಾಡು ಅಂತ ಮನೆಯವರಿಗೆ ಜಮೀನು. ಯಾರೂ ಕೊಪ್ಪರಿಗೆ ಹೂತಿಟ್ಟು ಅದರ ಮೇಲೆ ಬೋರ್ಡ್ ಥರ ಕಲ್ಲು ನಿಲ್ಲಿಸಲಿಲ್ಲ. ಏನು ಕೊಟ್ಟರು ಅಂತ ಕಲ್ಲಿನ ಮೇಲೇ ಬರೆದಿರುತ್ತೆ, ಅಗೆಯೋದೇ ಬೇಕಾಗಿಲ್ಲ.

ಇನ್ನೊಂದು ಕಲ್ಲು ಇನ್ನೂ ಬೇಗೂರಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲೇ ಇದೆ. ಸುಮಾರು ಕ್ರಿ.ಶ. 890ರದ್ದು. ನಾಗತ್ತರನ ಮಗ ಬುಟ್ಟಣಸೆಟ್ಟಿ ಸತ್ತ ಸುದ್ದಿ, ಮತ್ತು ಅವನು ಸತ್ತ ಕಾಳಗದ ಹೆಸರು: ಬೆಂಗಳೂರು ಕಾಳಗ. ಬೆಂದಕಾಳೂರು, ಅಜ್ಜಿ, ಹುರುಳಿ, ಹೊಯ್ಸಳ ರಾಜ, ಈ ಕಥೆಗೆಲ್ಲ ಮುನ್ನೂರು ವರ್ಷ ಮೊದಲೇ ಬೆಂಗಳೂರು ಅನ್ನೋ ಹೆಸರು ಇತ್ತು ಅಂತ ಗೊತ್ತಾಗಿದ್ದು ಈ ಒಂದು ಕಲ್ಲಿನಿಂದ. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಇದನ್ನ ಬೆಳಕಿಗೆ ತಂದದ್ದು 1915ರ ಸುಮಾರಿಗೆ. ಮಸ್ಕಿಯಲ್ಲಿ ಅಶೋಕ ಸಿಕ್ಕ ಅದೇ ಹೊತ್ತು. ಇಪ್ಪತ್ತು ಮೂವತ್ತು ವರ್ಷ ಮೊದಲು ಯಾರೋ ನಾಲ್ಕು ಹುಡುಗರು ನಿಧಿ ಇದೆ ಅಂತ ಆ ಕಲ್ಲನ್ನ ಹಾರೆ ಹಾಕಿ ಮೀಟಿದ್ದರೆ? ಒಡೆದ ಚೂರು ಯಾರದೋ ಮನೆ ಪಾಯಕ್ಕೆ ಹೋಗಿರೋದು. ಒಂದೂವರೆ ಕೋಟಿ ಜನರ ಊರಿನ ಹೆಸರಿನ ಹುಟ್ಟುಪತ್ರ ಅದು. ನಾನು ದಿನಾ ಹಾಲು ತರೋಕೆ ಹೋಗೋ ದಾರೀಲಿದೆ.

ಹಾಗಂತ ಬೆಂಗಳೂರಿನ ಮಣ್ಣಲ್ಲಿ ಏನೂ ಸಿಗಲ್ಲ ಅಂತಲ್ಲ. 1891ರಲ್ಲಿ ಯಶವಂತಪುರದಲ್ಲಿ ರೈಲು ಕೆಲಸಕ್ಕೆ ಅಗೆಯುವಾಗ ರೋಮನ್ ಬೆಳ್ಳಿ ನಾಣ್ಯಗಳ ರಾಶಿ ಸಿಕ್ಕಿತು. ಅಗಸ್ಟಸ್ ಮತ್ತು ಅವನ ನಂತರದವರ ಕಾಲದ್ದು, ಎರಡು ಸಾವಿರ ವರ್ಷ ಹಳೇದು. ಬೆಳ್ಳಿ ಲೆಕ್ಕ ಹಾಕಿದರೆ ದೊಡ್ಡ ದುಡ್ಡಲ್ಲ. ಆದರೆ ಎಲ್ಲಿ ಸಿಕ್ಕಿತು, ಒಟ್ಟಿಗೆ ಏನೇನಿತ್ತು ಅಂತ ದಾಖಲಾಗಿದ್ದಕ್ಕೆ ಈ ಜಾಗಕ್ಕೂ ರೋಮಿಗೂ ವ್ಯಾಪಾರದ ನಂಟು ಇತ್ತು ಅಂತ ಇವತ್ತು ಹೇಳೋಕಾಗುತ್ತೆ. ಅದೇ ನಾಣ್ಯ ಸದ್ದಿಲ್ಲದೆ ಚಿಕ್ಕಪೇಟೆಯ ಕರಗಿಸೋ ಮೂಸೆಗೆ ಬಿದ್ದಿದ್ದರೆ ಇಷ್ಟು ಗ್ರಾಂ ಬೆಳ್ಳಿ, ಅಷ್ಟೆ.

ಕಾನೂನು ಸ್ವಲ್ಪ ಹೇಳಿಬಿಡ್ತೀನಿ, ಬೇಜಾರಾದ್ರೂ ಕೇಳಿ. ಚಿನ್ನ ಒಂದು ಖನಿಜ. 1957ರ ಗಣಿ ಮತ್ತು ಖನಿಜ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಅದನ್ನ ಹುಡುಕಿ ಅಗೆಯೋದೇ ಅಪರಾಧ, ಐದು ವರ್ಷದವರೆಗೂ ಜೈಲಾಗಬಹುದು. ಆಸ್ಟ್ರೇಲಿಯಾದ ಥರ ಹವ್ಯಾಸಿ ಪರ್ಮಿಟ್ ಅನ್ನೋದು ನಮ್ಮಲ್ಲಿ ಇಲ್ಲವೇ ಇಲ್ಲ. ನೆಲದಲ್ಲಿ ಹೂತಿಟ್ಟ ನಿಧಿಗೆ ಬೇರೆ ಕಾನೂನು. ಬ್ರಿಟಿಷರು 1878ರಲ್ಲಿ ಮಾಡಿದ ಕಾಯ್ದೆಯಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದ್ದು ಸಿಕ್ಕರೂ ಕಲೆಕ್ಟರಿಗೆ ತಿಳಿಸಬೇಕಿತ್ತು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆದರೆ ಇನ್ನೂ ಒಂದು ಕೇಸು. ಕೇಂದ್ರದ ಸ್ಮಾರಕ ಆದರೆ ಸುತ್ತ 100 ಮೀಟರು ಕಟ್ಟಡಕ್ಕೂ ನಿಷೇಧ. ಮನೆ ಪಾಯ ತೆಗೆಯುವಾಗ, ಹೊಲ ಉಳುವಾಗ ತಾನಾಗಿ ಏನಾದರೂ ಸಿಕ್ಕರೆ? ಕೈ ಹಾಕಬೇಡಿ, ತೊಳೀಬೇಡಿ, ಇದ್ದ ಹಾಗೇ ಒಂದು ಫೋಟೋ ತಗೊಳ್ಳಿ, ತಹಶೀಲ್ದಾರರಿಗೋ ಪೊಲೀಸರಿಗೋ ತಿಳಿಸಿ.

ಆ ಹುಡುಗನಿಗೆ ನಾನು ವಾಪಸ್ ಫೋನ್ ಮಾಡಿದೆ. ಅರ್ಧ ಗಂಟೆ ಮಾತಾಡಿದ್ವಿ. ಕೆಜಿಎಫ್ ವಿಷಯಕ್ಕೆ ಒಪ್ಪಿದ. ವೀರಗಲ್ಲಿನ ವಿಷಯಕ್ಕೆ, "ಅಗೆಯಲ್ಲ ಅಣ್ಣಾ, ಮೆಷಿನ್ ಆಡಿಸಿ ಮಾತ್ರ ನೋಡ್ತೀವಿ" ಅಂದ. ನಾನು ಕೇಳಿದೆ: ಮೆಷಿನ್ ಕೂಗಿಬಿಟ್ರೆ ಆವಾಗ ಏನ್ ಮಾಡ್ತೀರಾ? ಒಂದು ಸ್ವಲ್ಪ ಹೊತ್ತು ಸುಮ್ನಿದ್ದ. ಕಲ್ಲಿನ ಕೆಳಗೆ ಹಳೇ ಮೊಳೆ ಇದ್ರೂ ಅದು ಕೂಗುತ್ತೆ, ಅದನ್ನ ನಿಮ್ಮ ನಾಲ್ವರಲ್ಲದೆ ಊರಲ್ಲಿ ಐದನೆಯವನೊಬ್ಬ ಕೇಳಿಸಿಕೊಂಡಿರ್ತಾನೆ, ಅಮಾವಾಸ್ಯೆ ರಾತ್ರಿ ಹಾರೆ ತಗೊಂಡು ಅವನು ಬರ್ತಾನೆ ಅಂದೆ. ಮೆಷಿನ್ ಆರ್ಡರ್ ಮಾಡಿದ್ದನ್ನ ಕ್ಯಾನ್ಸಲ್ ಮಾಡಿದ್ನೋ ಇಲ್ವೋ, ನಾನು ಕೇಳಲಿಲ್ಲ. ಆದರೆ ಕಲ್ಲಿನ ಮೇಲೆ ಅಕ್ಷರ ಇದೆಯಾ ಅಂತ ಕೇಳಿದ್ದಕ್ಕೆ, "ಇದೆ ಅಣ್ಣಾ, ಸುಣ್ಣ ಬಳಿದಿದಾರೆ, ಓದೋಕಾಗಲ್ಲ" ಅಂದ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಇಂಥ ಶಾಸನಗಳನ್ನ ಕಲ್ಲು ಕದಲಿಸದೆ ತ್ರೀಡಿ ಸ್ಕ್ಯಾನ್ ಮಾಡಿ, ಸವೆದ ಅಕ್ಷರಗಳನ್ನೂ ಓದ್ತಿದಾರೆ. ಅವರಿಗೆ ಬರೆದು ನೋಡು ಅಂತ ಹೇಳಿದೀನಿ. ಸುಣ್ಣ ಕೆರೆಯೋಕೆ ಮಾತ್ರ ಹೋಗ್ಬೇಡ ಅಂತಲೂ ಹೇಳಿದೀನಿ.

ಚಿನ್ನದ ಗಣಿಯ ಊರು ನೋಡಲೇಬೇಕು ಅನ್ನೋರು ಬೆಂಗಳೂರಿನಿಂದ ಮಾರಿಕುಪ್ಪಂ ರೈಲು ಹತ್ತಿ. ಬಂಗಾರಪೇಟೆ ಆದಮೇಲೆ ಕಿಟಕಿ ಪಕ್ಕ ಕೂತ್ಕೊಳ್ಳಿ, ಹಳೇ ಶಾಫ್ಟ್‌ಗಳ ಕಬ್ಬಿಣದ ಗೋಪುರಗಳು ಕಾಣುತ್ತವೆ. ನೀರಿನ ಬಾಟಲಿ, ಮಾಸ್ಕ್ ಇರಲಿ, ದಿಬ್ಬ ಹತ್ತಬೇಡಿ. ಅಲ್ಲಿನ ಹಿರಿಯರ ಜೊತೆ ಒಂದು ಟೀ ಕುಡೀರಿ, ಗಣಿಯೊಳಗೆ ದುಡಿದವರು ಇನ್ನೂ ಇದಾರೆ. ಮುಂದಿನ ವಾರ ಅವರಲ್ಲೊಬ್ಬರು ನನ್ನ ಜೊತೆ ಮಾತಾಡೋಕೆ ಒಪ್ಪಿದಾರೆ, ಅಜ್ಜನಿಗೆ ಆರೋಗ್ಯ ಸರಿ ಇದ್ದರೆ. ಅಲ್ಲೀತನಕ ಬರ್ತೀನಿ, ನಮಸ್ಕಾರ.